ಬೋರಲು ಹಾಕಿ ನೋಡಿದ ಕೊಕ್ಕೆತಾತಿ: ವಿರಾಜಪೇಟೆಯ ಮೂರು ಬೆಳ್ಳಿ ಒಡವೆಗಳು

ಕೊಡಗಿನ ಅರ್ಧಚಂದ್ರದ ಪದಕ ಕೊಕ್ಕೆತಾತಿಯನ್ನು ಕೊಳ್ಳಲು ಹೋದವರು ಮೊದಲು ಅದನ್ನು ಅಂಗೈ ಮೇಲೆ ಬೋರಲು ಹಾಕಬೇಕು. ಮುಂದೆ ಕೆಂಪು ಹರಳು, ಮುತ್ತು, ಮೆರುಗು ಎಲ್ಲ ಸೇರಿ ಕಣ್ಣು ತುಂಬಿಬಿಡುತ್ತವೆ. ತಗಡು ಎಷ್ಟು ದಪ್ಪ, ಬೆಸುಗೆ ಎಲ್ಲಿವರೆಗೆ ಹರಿದಿದೆ, ಕೊಂಡಿ ಎಲ್ಲಿ ಕೂತಿದೆ ಎಂಬುದು ಗೊತ್ತಾಗುವುದು ಹಿಂಬದಿಯಲ್ಲಿ. ಕೊಡಗಿನ ಹಳೆಯ ಒಡವೆಗಳು ಚಪ್ಪಟೆ ಅಲಂಕಾರಗಳಲ್ಲ. ಹೆಡೆ ಎತ್ತಿದ ನಾಗ, ಟೊಳ್ಳು ಗುಂಡು, ಉಬ್ಬಿದ ಹಕ್ಕಿ ಎಲ್ಲವೂ ಗಾತ್ರವಿರುವ ರೂಪಗಳು. ಆ ಗಾತ್ರವನ್ನು ಕೈಯಲ್ಲಿ ಎಬ್ಬಿಸಿದ್ದಾರೋ, ಅಚ್ಚಿನಲ್ಲಿ ಒತ್ತಿದ್ದಾರೋ, ಎರಕ ಹೊಯ್ದಿದ್ದಾರೋ ಎಂಬುದರ ಮೇಲೆ ಒಡವೆಯ ತೂಕ, ಬಾಳಿಕೆ, ಕೊರಳಲ್ಲಿ ಅದು ನಿಲ್ಲುವ ರೀತಿ ಎಲ್ಲವೂ ತೀರ್ಮಾನವಾಗುತ್ತದೆ.

ಇಲ್ಲಿ ನೋಡುತ್ತಿರುವುದು ವಿರಾಜಪೇಟೆಯಲ್ಲಿ ಇಬ್ಬರು ಅಕ್ಕಸಾಲಿಗರು ನಡೆಸುವ ಸಣ್ಣ ಕಮ್ಮಟವೊಂದರ ಮೂರು ಕೆಲಸಗಳು. ಕೊಕ್ಕೆತಾತಿಯ ರೂಪವನ್ನು ಹಿಡಿದು ಮಾಡಿದ ಕೊರಳ ಒಡವೆ, ತೋಕ್ ಪೂ ಎಂಬ ಹೂವಿನ ಆಕಾರದ ಸೀರೆ ಪಿನ್ನು, ದುಡಿ ಎಂಬ ಕೊಡವ ವಾದ್ಯದ ಆಕಾರದ ಗುಂಡುಗಳ ಸರ. ಮೂರೂ 92.5ರ ಬೆಳ್ಳಿ, ಅಂದರೆ ನೂರರಲ್ಲಿ 92.5 ಪಾಲು ಶುದ್ಧ ಬೆಳ್ಳಿ. ಮೊದಲನೆಯದಕ್ಕೆ ಚಿನ್ನದ ಗಿಲೀಟು ಇದೆ, ಉಳಿದೆರಡು ಬೆಳ್ಳಿಯ ಬಣ್ಣದಲ್ಲೇ ಇವೆ. ಮದುವೆಗೆ ಬೇಕಾದ ಸಾಂಪ್ರದಾಯಿಕ ಚಿನ್ನದ ಒಡವೆಗೆ ಇವು ಬದಲಿಯಲ್ಲ. ಹಳೆಯ ರೂಪವನ್ನು ಶಿಲ್ಪದ ಹಾಗೆ ದೊಡ್ಡದು ಮಾಡಿ, ಕೆಲವನ್ನು ಬಿಟ್ಟು ಕೆಲವನ್ನು ಉಳಿಸಿಕೊಂಡು ಮಾಡಿದ ಕಲಾ ಒಡವೆಗಳು.

ಹೊರಗಿನ ಓದುಗರಿಗಾಗಿ ಎರಡು ಮಾತು. ಕೊಕ್ಕೆತಾತಿ ಎಂದರೆ ಅರ್ಧಚಂದ್ರದ ಪದಕ. ನೆತ್ತಿಯಲ್ಲಿ ನಾಗನ ಹೆಡೆ, ಹಲವು ಹಳೆಯ ತಾತಿಗಳಲ್ಲಿ ಅದರ ಎರಡು ಕಡೆ ಹಕ್ಕಿಗಳು, ಮೈಮೇಲೆ ನುಣುಪು ಕೆಂಪು ಹರಳುಗಳು, ಕೆಳಗಿನ ಅಂಚಿನಲ್ಲಿ ಸಾಲು ಮುತ್ತು. ಇಷ್ಟನ್ನೂ ಚಿನ್ನದ ಗುಂಡುಗಳ ಸರಕ್ಕೆ ಪೋಣಿಸಿರುತ್ತಾರೆ. ಜೋಮಾಲೆಯಲ್ಲಿ ಅರಗು ತುಂಬಿದ ಟೊಳ್ಳು ಚಿನ್ನದ ಗುಂಡುಗಳು ಕಪ್ಪು ದಾರದಲ್ಲಿರುತ್ತವೆ. ಪತ್ತಾಕ್, ಅಂದರೆ ನಡುವೆ ಚಿನ್ನದ ನಾಣ್ಯವಿರುವ ಪದಕ, ಇವೆರಡಕ್ಕಿಂತ ಬೇರೆ. ಅದರ ಮಾತು ಮುಂದೆ ಬರುತ್ತದೆ.

ಕೊರಳ ಒಡವೆಯಿಂದ ಶುರು ಮಾಡೋಣ. ಅಗಲ 92 ಮಿಲಿಮೀಟರ್, ಎತ್ತರ 61. ಸರ ಬಿಟ್ಟು ಪದಕದ ಒಟ್ಟು ತೂಕ 41.2 ಗ್ರಾಂ, ಹರಳು, ಮುತ್ತು ಕಳೆದರೆ ಬೆಳ್ಳಿ 35.6 ಗ್ರಾಂ. ಹಳೆಯ ತಾತಿಯಲ್ಲಿ ಹೆಡೆ ಅರ್ಧಚಂದ್ರದ ಮೇಲೆ ಕಿರೀಟದ ಹಾಗೆ ಚಿಕ್ಕದಾಗಿ ಕೂತಿರುತ್ತದೆ. ಇಲ್ಲಿ ಅದನ್ನೇ ದೊಡ್ಡದು ಮಾಡಿ, 26 ಮಿಲಿಮೀಟರ್ ಎತ್ತರಕ್ಕೆ ಬೆಳೆಸಿ, ಹಲಗೆಯಿಂದ, ಅಂದರೆ ತಳದ ತಗಡಿನಿಂದ, 9 ಮಿಲಿಮೀಟರ್ ಮುಂದಕ್ಕೆ ತಂದಿದ್ದಾರೆ. ಹರಳುಗಳನ್ನು ಅಂಚಿಗೆ ಸರಿಸಿ ಹದಿಮೂರಕ್ಕೆ ಇಳಿಸಿದ್ದಾರೆ. ನಡುಭಾಗ ಖಾಲಿ. ಖಾಲಿ ಬಿಟ್ಟದ್ದರಿಂದಲೇ ಹೆಡೆಯ ನೆರಳು ಬೆಳ್ಳಿಯ ಮೇಲೆ ಬೀಳುತ್ತದೆ. ಬೆಳಗಿನ ಓರೆ ಬಿಸಿಲಲ್ಲಿ ನೋಡಿದರೆ ಆ ನೆರಳೇ ಎರಡನೇ ಹೆಡೆಯಂತೆ ಕಾಣುತ್ತದೆ. ವಿನ್ಯಾಸದಲ್ಲಿ ನಮಗೆ ತುಂಬ ಹಿಡಿಸಿದ್ದು ಇದು. ಅರ್ಧಚಂದ್ರ, ಹೆಡೆ, ಮುತ್ತಿನ ಅಂಚು ಮೂರೂ ಉಳಿದಿರುವುದರಿಂದ ಕೊಡಗಿನ ಯಾವ ಅಜ್ಜಿಯ ಮುಂದೆ ಇಟ್ಟರೂ ಇದು ಕೊಕ್ಕೆತಾತಿಯ ಕುಲದ್ದೇ ಎಂದು ಗುರುತಾಗುತ್ತದೆ. ಈ ಮೂರರಲ್ಲಿ ಒಂದನ್ನು ತೆಗೆದರೂ ಅದು ಯಾವ ಊರಿನದೂ ಆಗಬಹುದಾದ ಪದಕವಾಗುತ್ತಿತ್ತು.

ಹೆಡೆಯನ್ನು ಎಬ್ಬಿಸಿದ್ದು ಉಬ್ಬು ಕೆಲಸದಿಂದ. 24 ಗೇಜಿನ, ಅಂದರೆ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ತಗಡನ್ನು ರಾಳ, ಇಟ್ಟಿಗೆ ಪುಡಿ, ಎಣ್ಣೆ ಬೆರೆಸಿದ ಮೇಣದಂಥ ಹಾಸಿನ ಮೇಲೆ ಕೂರಿಸಿ ಹಿಂದಿನಿಂದ ಮೊಂಡು ಉಳಿಯಲ್ಲಿ ತಟ್ಟುತ್ತಾರೆ. ಮಳೆಗಾಲದಲ್ಲಿ ಈ ಹಾಸು ಚಳಿಗೆ ಕಲ್ಲಾಗುತ್ತದೆ; ಆಗ ಎಣ್ಣೆ ತುಸು ಹೆಚ್ಚು ಬೇಕು. ಬೇಸಿಗೆಯಲ್ಲಿ ಅದೇ ಹಾಸು ಮೆತ್ತಗಾಗಿ ಉಳಿ ಆಳಕ್ಕೆ ಇಳಿದುಬಿಡುತ್ತದೆ; ಆಗ ಇಟ್ಟಿಗೆ ಪುಡಿ ಸೇರಿಸಬೇಕು. ತಟ್ಟುತ್ತ ಹೋದಂತೆ ಬೆಳ್ಳಿ ಗಡುಸಾಗುತ್ತದೆ. ಉಳಿಯ ಸದ್ದು ಮಂದದಿಂದ ಕಿಣಿಕಿಣಿಗೆ ತಿರುಗಿತೆಂದರೆ ತಗಡನ್ನು ಹಾಸಿನಿಂದ ಬಿಡಿಸಿ, ಅಂಟಿದ ರಾಳವನ್ನು ಸುಟ್ಟು ತೆಗೆದು, ನೆರಳಿರುವ ಜಾಗದಲ್ಲಿ ಮಂದ ಕೆಂಪು ಬರುವವರೆಗೆ ಕಾಸಿ ತಣಿಸಬೇಕು. ಸುಮಾರು 600ರಿಂದ 650 ಡಿಗ್ರಿ ಸೆಲ್ಸಿಯಸ್. ಬಿಸಿಲಲ್ಲಿ ನಿಂತು ಕಾಸಿದರೆ ಆ ಮಂದ ಕೆಂಪು ಕಣ್ಣಿಗೆ ಕಾಣುವುದಿಲ್ಲ, ಕಂಡಾಗ ಅಂಚು ಕರಗುವ ಹತ್ತಿರ ಬಂದಿರುತ್ತದೆ. 9 ಮಿಲಿಮೀಟರ್ ಆಳಕ್ಕೆ ಐದಾರು ಬಾರಿಯಾದರೂ ಕಾಸಬೇಕು. ಒಂದು ಬಾರಿ ತಪ್ಪಿಸಿದರೂ ಹೆಡೆಯ ಕುತ್ತಿಗೆಯಲ್ಲಿ, ಉಬ್ಬು ಹಲಗೆಗೆ ತಿರುಗುವ ಕಡೆ, ಕೂದಲೆಳೆಯ ಬಿರುಕು ಬೀಳುತ್ತದೆ. ಈ ಒಡವೆಯಲ್ಲಿ ಭೂತಗನ್ನಡಿ ಹಿಡಿದು ಹುಡುಕಿದರೂ ಬಿರುಕಿಲ್ಲ. ಕಾಸುವ ಕೆಲಸದಲ್ಲಿ ಇವರು ಆತುರಪಟ್ಟಿಲ್ಲ.

ತಪ್ಪಿರುವುದು ತಗಡಿನ ಆಯ್ಕೆಯಲ್ಲಿ. ಬೆಳ್ಳಿ ಹಿಗ್ಗುವಾಗ ತೆಳ್ಳಗಾಗುತ್ತದೆ. ಅರ್ಧ ಮಿಲಿಮೀಟರ್ ತಗಡನ್ನು ಇಷ್ಟು ಆಳಕ್ಕೆ ಇಳಿಸಿದರೆ ತುದಿಯಲ್ಲಿ ಅರ್ಧದಷ್ಟು ದಪ್ಪ ಉಳಿಯುವುದೂ ಕಷ್ಟ. ಹಲಗೆಯ ಹಿಂಬದಿಯಲ್ಲಿ ಹೆಡೆಯ ಕೆಳಗೆ ಹನಿಯಾಕಾರದ ಕಿಟಕಿ ಕೊಯ್ದಿದ್ದಾರೆ. ಅದರೊಳಗೆ ಅಳತೆ ಕಡ್ಡಿ ಇಳಿಸಿ ನೋಡಿದರೆ ಹೆಡೆಯ ನೆತ್ತಿಯಲ್ಲಿ 0.24 ಮಿಲಿಮೀಟರ್. ಹೆಬ್ಬೆರಳಿನ ಉಗುರಿನಿಂದ ಒತ್ತಿದರೆ ಸಣ್ಣಗೆ ಕುಳಿ ಬೀಳುವಷ್ಟು ತೆಳು. ಮದುವೆ ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಅಪ್ಪಿಕೊಂಡರೆ ಹೆಡೆ ಅದುಮಿಹೋಗುವ ಭಯವಿದೆ. 22 ಗೇಜ್, ಅಂದರೆ 0.64 ಮಿಲಿಮೀಟರ್ ತಗಡಿನಿಂದ ಶುರು ಮಾಡಿದ್ದರೆ ಒಂದು ಗ್ರಾಂ ಬೆಳ್ಳಿ ಹೆಚ್ಚು ಬೀಳುತ್ತಿತ್ತು, ಈ ದೌರ್ಬಲ್ಯ ಇರುತ್ತಿರಲಿಲ್ಲ. ಈಗಿರುವ ಒಡವೆಗೆ ಪರಿಹಾರವೆಂದರೆ ಕಿಟಕಿಯ ಮೂಲಕ ಅರಗು ತುಂಬುವುದು. ಜೋಮಾಲೆಯ ಗುಂಡಿಗೆ ಅರಗು ತುಂಬುವ ಕಾರಣವೂ ಇದೇ ತಾನೆ: ತೆಳು ಲೋಹ ಒಳಗಿಂದ ಆಸರೆ ಪಡೆಯುತ್ತದೆ. ಅರಗು ತುಂಬಿದ ಮೇಲೆ ಒಡವೆಗೆ ಮತ್ತೆ ಬೆಂಕಿ ತೋರಿಸುವಂತಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಆ ಕಿಟಕಿಯ ಬಗ್ಗೆ ಇನ್ನೂ ಹೇಳಬೇಕಿದೆ, ಏಕೆಂದರೆ ಇಡೀ ಒಡವೆಯ ಜಾಣತನ ಅಲ್ಲೇ ಇದೆ. ಇದೇ ಅಳತೆಯ ಹೆಡೆಯನ್ನು ಗಟ್ಟಿಯಾಗಿ ಎರಕ ಹೊಯ್ದರೆ ಅದೊಂದೇ 20 ಗ್ರಾಂ ದಾಟುತ್ತದೆ. ಇಲ್ಲಿ ಟೊಳ್ಳು ಮಾಡಿ 4 ಗ್ರಾಂಗೆ ಇಳಿಸಿದ್ದಾರೆ, ಕೆಳಗಿನ ಹಲಗೆಯಲ್ಲೂ ತೂಕ ಕಳೆದಿದ್ದಾರೆ. ಪದಕದಲ್ಲಿ ಮುಂದಕ್ಕೆ ಚಾಚಿದ ಭಾಗ ಭಾರವಾದರೆ ತೂಕದ ನಡುಬಿಂದು ಕೊಂಡಿಗಿಂತ ಮುಂದೆ ಹೋಗುತ್ತದೆ. ಆಗ ಪದಕ ತಲೆ ಬಗ್ಗಿಸುತ್ತದೆ. ತೊಟ್ಟವರ ಎದುರು ನಿಂತವರಿಗೆ ಹೆಡೆಯ ಬದಲು ಮೇಲಂಚು ಮಾತ್ರ ಕಾಣುತ್ತದೆ. ಶಿಲ್ಪದಂಥ ಒಡವೆಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಮೇಜಿನ ಮೇಲೆ ಮಲಗಿಸಿ ತೆಗೆದ ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ. ಇವರು ಒಂದು ಕೊಂಡಿಯ ಬದಲು ಎರಡು ಇಟ್ಟಿದ್ದಾರೆ, ಚಂದ್ರದ ಎರಡೂ ತುದಿಗಳ ಹಿಂದೆ, ಮೇಲಂಚಿನಿಂದ 5 ಮಿಲಿಮೀಟರ್ ಕೆಳಗೆ. ಎರಡಕ್ಕೂ ಕೀಲು ಇದೆ. ನಿಂತಾಗ, ಕೂತಾಗ, ಬಗ್ಗಿ ಎದ್ದಾಗ ಪದಕ ಎದೆಗೆ ಅಂಟಿಕೊಂಡೇ ಇರುತ್ತದೆ. ಕೊಡವ ಸೀರೆಯ ಜೊತೆ ತೊಡುವ ಉದ್ದ ತೋಳಿನ, ಮೇಲೆ ಮುಚ್ಚಿದ ಕುಪ್ಪಸದ ಮೇಲೆ ಇದು ಇನ್ನೂ ಚೆನ್ನಾಗಿ ಕೂರುತ್ತದೆ, ಬಟ್ಟೆಯ ಹಿಡಿತ ಸಿಗುತ್ತದೆ. ಆಳ ಕೊರಳಿನ ರವಿಕೆಯ ಮೇಲೆ, ಬರೀ ಚರ್ಮಕ್ಕೆ ತಾಗುವಲ್ಲಿ, ಬೆವರಿಗೆ ಸ್ವಲ್ಪ ಜಾರುತ್ತದೆ.

ಹೆಡೆಯ ಅಕ್ಕಪಕ್ಕದ ಎರಡು ಹಕ್ಕಿಗಳನ್ನು ಇಲ್ಲೂ ಉಳಿಸಿಕೊಂಡಿದ್ದಾರೆ. ಅವೂ ಟೊಳ್ಳು, ಎರಡು ಅರ್ಧಗಳನ್ನು ಬೆಸೆದು ಮಾಡಿದವು. ಪೂರ್ತಿ ಮುಚ್ಚಿದ ಟೊಳ್ಳು ರೂಪಕ್ಕೆ ಎಲ್ಲಾದರೂ ಒಂದು ಉಸಿರುರಂಧ್ರ ಬಿಡಲೇಬೇಕು, 0.8 ಮಿಲಿಮೀಟರಿನ ಒಂದು ತೂತು ಸಾಕು. ಬಿಡದಿದ್ದರೆ ಬೆಸುಗೆಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ, ಕರಗಿದ ಬೆಸುಗೆಯನ್ನೇ ತಳ್ಳಿಕೊಂಡು ಹೊರಬರುತ್ತದೆ. ಕೆಲವೊಮ್ಮೆ ಒಡವೆ ಸಿಡಿಯುವುದೂ ಉಂಟು. ಇವರು ರಂಧ್ರ ಬಿಟ್ಟಿದ್ದಾರೆ. ಆದರೆ ಎಡಗಡೆ ಹಕ್ಕಿಯ ರಂಧ್ರ ಹಲಗೆಗೆ ಬೆಸೆಯುವಾಗ ಅರ್ಧ ಮುಚ್ಚಿಹೋಗಿದೆ. ಬೆಸುಗೆ ಆದ ಮೇಲೆ ಕರಿ ತೆಗೆಯಲು ಹುಳಿಯಲ್ಲಿ, ಅಂದರೆ ನೀರು ಬೆರೆಸಿದ ಗಂಧಕಾಮ್ಲದಲ್ಲಿ, ಮುಳುಗಿಸುತ್ತಾರಲ್ಲ, ಆ ಹುಳಿ ಒಳಗೆ ಹೋಗಿದ್ದು ಹೊರಗೆ ಬಂದಿಲ್ಲ. ಮೂರನೇ ವಾರಕ್ಕೆ ಹಕ್ಕಿಯ ಬುಡದಲ್ಲಿ ಹಸಿರು ಮಿಶ್ರಿತ ಕಪ್ಪು ಕಲೆ ಕಾಣಿಸಿಕೊಂಡಿತು. ಒರೆಸಿದರೆ ಹೋಗುತ್ತದೆ, ಎರಡು ದಿನಕ್ಕೆ ಮತ್ತೆ ಬರುತ್ತದೆ. ಹುಳಿಯಿಂದ ತೆಗೆದ ಟೊಳ್ಳು ಒಡವೆಯನ್ನು ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಹತ್ತು ನಿಮಿಷ ಕುದಿಸಿ, ಆಮೇಲೆ ಬರೀ ನೀರಲ್ಲಿ ಕುದಿಸಿ, ರಂಧ್ರದಿಂದ ಗುಳ್ಳೆ ಬರುವುದು ನಿಂತಿದೆಯೇ ಎಂದು ನೋಡಬೇಕು. ಹಿಂಬದಿಗೆ ತಿರುಗಿಸಿ, ಟೊಳ್ಳು ಭಾಗ ಪ್ರತಿಯೊಂದಕ್ಕೂ ತೆರೆದ ರಂಧ್ರವಿದೆಯೇ ಎಂದು ಕೊಳ್ಳುವವರೂ ಸೂಜಿ ತೂರಿಸಿ ನೋಡಬಹುದು.

ಬೆಸುಗೆಯ ಕೆಲಸ ಉಳಿದಂತೆ ಅಚ್ಚುಕಟ್ಟು. 92.5ರ ಬೆಳ್ಳಿ ಪೂರ್ತಿ ಕರಗಲು 893 ಡಿಗ್ರಿ ಬೇಕಾದರೂ 800ರ ಆಸುಪಾಸಿನಲ್ಲೇ ಅದು ಸಡಿಲವಾಗತೊಡಗುತ್ತದೆ. ಹಾಗಾಗಿ ಇಷ್ಟು ಭಾಗಗಳಿರುವ ಒಡವೆಗೆ ಮೂರು ಬಗೆಯ ಬೆಸುಗೆ ಬೇಕು. ಹಕ್ಕಿಯ ಅರ್ಧಗಳಿಗೆ ಹೆಚ್ಚು ಬಿಸಿಗೆ ಕರಗುವುದು, ಹೆಡೆ ಮತ್ತು ಹಕ್ಕಿಯನ್ನು ಹಲಗೆಗೆ ಸೇರಿಸಲು ನಡುವಿನದು, ಕೊಂಡಿಗಳಿಗೆ ಕಡಿಮೆ ಬಿಸಿಯದು. ಒಂದೇ ಬೆಸುಗೆಯಲ್ಲಿ ಎಲ್ಲವನ್ನೂ ಮಾಡಲು ಹೋದರೆ ಕೊನೆಯ ಕೊಂಡಿ ಹಚ್ಚುವ ಹೊತ್ತಿಗೆ ಮೊದಲು ಹಚ್ಚಿದ ಹಕ್ಕಿ ಜಾರುತ್ತದೆ. ಇಲ್ಲಿ ಬೆಸುಗೆ ಸಂದಿನಲ್ಲೇ ಓಡಿದೆ, ಹಲಗೆಯ ಮೇಲೆ ಚೆಲ್ಲಿಲ್ಲ. ಬೆಸುಗೆ ಹರಿಯಲು ಹಚ್ಚುವ ಬಿಳಿಗಾರವನ್ನು ಎಲ್ಲ ಕಡೆ ಸಮನಾಗಿ ಹಚ್ಚಿದ್ದಾರೆ ಎಂಬುದಕ್ಕೆ ಅದೇ ಗುರುತು. ಕ್ಯಾಡ್ಮಿಯಂ ಬೆರೆತ ಬೆಸುಗೆ ಬಳಸುವುದಿಲ್ಲ ಎಂದು ಕಮ್ಮಟದವರು ಹೇಳುತ್ತಾರೆ. ಕೊಳ್ಳುವವರು ಇದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು, ಅದರ ಹೊಗೆ ಅಕ್ಕಸಾಲಿಗರ ಶ್ವಾಸಕೋಶವನ್ನು ಹಾಳು ಮಾಡುತ್ತದೆ.

ಹರಳಿನ ವಿಷಯಕ್ಕೆ ಬಂದರೆ ನಮ್ಮ ತಕರಾರು ದೊಡ್ಡದು. ಹದಿಮೂರೂ ಕೃತಕ ಮಾಣಿಕ್ಯ, ಅದನ್ನು ಚೀಟಿಯಲ್ಲಿ ಪ್ರಾಮಾಣಿಕವಾಗಿ ಬರೆದಿದ್ದಾರೆ. ಅದರಲ್ಲಿ ತಪ್ಪಿಲ್ಲ, ಗಾಜಿಗಿಂತ ಎಷ್ಟೋ ಗಟ್ಟಿ. ಆದರೆ ಬಣ್ಣ ಹೆಚ್ಚಿಸಲು ಹರಳಿನ ಕೆಳಗೆ ಬಣ್ಣದ ರೇಕು, ಅಂದರೆ ತೆಳು ಲೋಹದ ಹಾಳೆ, ಇಟ್ಟು, ಹಿಂಬದಿ ಮುಚ್ಚಿದ ಗೂಡಿನಲ್ಲಿ ಕೂರಿಸಿದ್ದಾರೆ. ರೇಕು ಇಡುವುದು ಹಳೆಯ ಕ್ರಮವೇ. ಹಳೆಯ ಒಡವೆಗಳಲ್ಲಿ ಅಪ್ಪಟ ಚಿನ್ನದ ಕುಂದಣವನ್ನು ಹರಳಿನ ಸುತ್ತ ಒತ್ತಿ ಸಂದಿಲ್ಲದಂತೆ ಮುಚ್ಚುತ್ತಿದ್ದರು, ನೀರು ಒಳಗೆ ಹೋಗುತ್ತಿರಲಿಲ್ಲ. ಇಲ್ಲಿ 0.3 ಮಿಲಿಮೀಟರ್ ಬೆಳ್ಳಿಯ ಪಟ್ಟಿಯನ್ನು ಹರಳಿನ ಮೇಲೆ ಮಡಿಸಿದ್ದಾರೆ. ಹತ್ತು ಹರಳುಗಳಿಗೆ ಚೆನ್ನಾಗಿ ಮಡಿದಿದೆ, ಮೂರರಲ್ಲಿ ಕಾಗದ ತೂರುವಷ್ಟು ಸಂದು ಉಳಿದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಈ ಜಿಲ್ಲೆಯಲ್ಲಿ ಅಷ್ಟು ಸಂದು ಸಾಕು. ತೇವ ಒಳಗಿಳಿದು ರೇಕು ಕಪ್ಪಾಗುತ್ತದೆ, ಹರಳು ಸತ್ತಂತೆ ಕಾಣುತ್ತದೆ, ಬಿಚ್ಚಿ ಕೂರಿಸದೆ ಬೇರೆ ದಾರಿ ಇಲ್ಲ. ನಮ್ಮ ಸಲಹೆ ಇದು: ಬೆಳ್ಳಿಯಲ್ಲಿ ಮಾಡಿಸುವವರು ರೇಕು ಬೇಡವೆನ್ನಿ, ಗೂಡಿನ ಹಿಂಬದಿ ತೆರೆದಿರಲಿ. ಬಣ್ಣ ಒಂದು ಪಾಲು ತಿಳಿಯಾಗುತ್ತದೆ, ಆದರೆ ಹಾಗೇ ಉಳಿಯುತ್ತದೆ.

ಮುತ್ತುಗಳನ್ನು ಎಲ್ಲ ಕೆಲಸ ಮುಗಿದ ಮೇಲೆ, ಗಿಲೀಟೂ ಆದ ಮೇಲೆ ಕೊನೆಗೆ ತೂಗುಹಾಕಿದ್ದಾರೆ. ಇದೇ ಸರಿಯಾದ ಕ್ರಮ. ಮುತ್ತು ಹುಳಿಯನ್ನೂ ಬೆಂಕಿಯನ್ನೂ ತಡೆಯದು. ಇಪ್ಪತ್ತೆರಡು ಮುತ್ತಿಗೂ ಒಂದೊಂದು ಬಿಡಿ ತಂತಿ ಇದೆ. ಒಂದು ಕಳಚಿದರೆ ಉಳಿದ ಸಾಲು ಬಿಚ್ಚಿಕೊಳ್ಳುವುದಿಲ್ಲ. ತಂತಿಯ ತುದಿಗಳನ್ನು ಉಜ್ಜಿ ನುಣುಪು ಮಾಡಿದ್ದಾರೆ, ರೇಷ್ಮೆಯ ಎಳೆ ಸಿಕ್ಕಿಕೊಳ್ಳಲಿಲ್ಲ.

ಗಿಲೀಟು 2.5 ಮೈಕ್ರಾನ್ ಎಂದು ಹೇಳುತ್ತಾರೆ. ಅದನ್ನು ಮನೆಯಲ್ಲಿ ಅಳೆಯಲಾಗದು, ಪ್ರಯೋಗಾಲಯದ ಚೀಟಿ ಕೇಳಿ ಪಡೆಯಬೇಕು. ಹೆಡೆಯ ನೆತ್ತಿ, ಕೊಂಡಿಯ ಒಳಗೆ, ಬಟ್ಟೆ ಉಜ್ಜುವ ಕೆಳಅಂಚು, ಈ ಮೂರು ಕಡೆ ಬೆಳ್ಳಿ ಮೊದಲು ಇಣುಕುತ್ತದೆ. ಚೌಕಾಸಿಯಲ್ಲಿ ಗಿಲೀಟಿನ ದಪ್ಪ ಕಡಿಮೆ ಮಾಡಿಸಿಕೊಳ್ಳುವ ಬದಲು ಗಿಲೀಟೇ ಇಲ್ಲದೆ ಬೆಳ್ಳಿಯಾಗಿಯೇ ತೊಡುವುದು ಮೇಲು. ಬೆಳ್ಳಿ ಕಪ್ಪಾದರೆ ಉಜ್ಜಿದರಾಯಿತು. ತೆಳು ಗಿಲೀಟು ಉಜ್ಜಿದರೆ ಹೋಗುತ್ತದೆ.

ತೋಕ್ ಪೂವಿನ ಪಿನ್ನಿನ ಕಡೆ ಬರೋಣ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ನಳಿಗೆಗೆ ಸಿಕ್ಕಿಸುವ ಹೂ ಇದು. ಬೇರೆ ಕಡೆ ಗೌರಿ ಹೂ, ಅಗ್ನಿಶಿಖೆ ಎನ್ನುತ್ತಾರೆ. ಆರು ಎಸಳು ಹಿಂದಕ್ಕೆ ಬಾಗಿ, ಅಂಚು ಅಲೆಯಲೆಯಾಗಿ, ಬೆಂಕಿಯ ನಾಲಿಗೆಯಂತೆ ಮೇಲೇಳುತ್ತವೆ. ಆರು ಕೇಸರ ಸುತ್ತ ಚಾಚಿಕೊಳ್ಳುತ್ತವೆ. ಒಡವೆಗೆ ಇಷ್ಟು ಹೇಳಿಮಾಡಿಸಿದ ಹೂ ಕೊಡಗಿನಲ್ಲಿ ಇನ್ನೊಂದಿಲ್ಲ. ಕೊಡವ ಸೀರೆಯಲ್ಲಿ ನೆರಿಗೆ ಹಿಂದಕ್ಕಿದ್ದು, ಸೆರಗನ್ನು ಎಡ ಕಂಕುಳ ಕೆಳಗಿನಿಂದ ತಂದು ಬಲ ಭುಜದ ಮೇಲೆ ಬಿಗಿಯುತ್ತಾರಲ್ಲ, ಆ ಜಾಗಕ್ಕೆಂದೇ ಈ ಪಿನ್ನು.

ಇದು ಮೇಣದ ಎರಕ. ಕಂಪ್ಯೂಟರಿನಲ್ಲಿ ಚಿತ್ರಿಸಿ ಮುದ್ರಿಸಿದ ಮಾದರಿಯಲ್ಲ, ಮೇಣದ ಹಾಳೆಯನ್ನು ಬಿಸಿನೀರಲ್ಲಿ ಅದ್ದಿ ಬೆರಳಲ್ಲೇ ಬಾಗಿಸಿದ ಎಸಳುಗಳು. ಒಂದು ಎಸಳಿನ ಬೆನ್ನಲ್ಲಿ ಬೆರಳ ಗೆರೆಯ ಗುರುತು ಬೆಳ್ಳಿಯಲ್ಲೂ ಉಳಿದಿದೆ. ಅದನ್ನು ಉಜ್ಜಿ ತೆಗೆಯದೆ ಬಿಟ್ಟದ್ದು ಒಳ್ಳೆಯದಾಯಿತು. ಎರಕದ ಲೆಕ್ಕ ತಿಳಿದಿದ್ದರೆ ಕೊಳ್ಳುವವರಿಗೂ ಅನುಕೂಲ: ಒಂದು ಗ್ರಾಂ ಮೇಣಕ್ಕೆ ಬೆಳ್ಳಿ ಸುಮಾರು 10.5 ಗ್ರಾಂ. ಮೇಣದ ಮಾದರಿಯನ್ನು ತೂಗಿಸಿಯೇ ಒಡವೆಯ ತೂಕವನ್ನು ಮೊದಲೇ ಊಹಿಸಬಹುದು. ಈ ಹೂವಿನ ಮೇಣ 2.2 ಗ್ರಾಂ ಇತ್ತು, ಬೆಳ್ಳಿ 23 ಗ್ರಾಂ ಬಂದಿದೆ. ದಪ್ಪ ತೊಟ್ಟಿನಿಂದ ತೆಳು ಎಸಳಿಗೆ ತಿರುಗುವ ಕಡೆ ಎರಕದಲ್ಲಿ ಸೂಜಿಮೊನೆಯಂಥ ತೂತುಗಳು ಬೀಳುವುದು ಮಾಮೂಲು. ತೆಳುಭಾಗ ಬೇಗ ಗಟ್ಟಿಯಾಗಿ, ದಪ್ಪಭಾಗಕ್ಕೆ ಹೊಸ ಬೆಳ್ಳಿ ಹರಿದು ಬರದೆ ಹೋಗುತ್ತದೆ. ಇಲ್ಲೂ ನಾಲ್ಕು ತೂತುಗಳಿವೆ, ಹಿಂಬದಿಯಲ್ಲಿ.

ಇದರ ದೊಡ್ಡ ದೋಷ ಪಿನ್ನನ್ನು ಕೂರಿಸಿದ ಜಾಗ. ಹೂವಿನ ನಟ್ಟನಡುವೆ ಅಡ್ಡವಾಗಿ ಬೆಸೆದಿದ್ದಾರೆ. 23 ಗ್ರಾಂ ತೂಕದ ಹೂ ಅರ್ಧ ಗಂಟೆಯಲ್ಲಿ ಮುಂದಕ್ಕೆ ಬಾಗಿ ನೆಲ ನೋಡತೊಡಗುತ್ತದೆ. ಪಿನ್ನು ಮೇಲಿನ ಮೂರನೇ ಒಂದು ಭಾಗದಲ್ಲಿ ಇರಬೇಕಿತ್ತು. ತಂತಿಯೂ ಮೆತ್ತಗಿದೆ. ಬೆಸುಗೆಯ ಬಿಸಿ ತಾಗಿದ ಬೆಳ್ಳಿ ತಂತಿ ಹದವಾಗಿ ಬಾಗುತ್ತದೆ, ದಪ್ಪ ರೇಷ್ಮೆಯ ಮೂರು ಪದರಕ್ಕೆ ಚುಚ್ಚಲು ಹೋದರೆ ಬಿಲ್ಲಾಗುತ್ತದೆ. ಕೀಲನ್ನೂ ಕೊಕ್ಕೆಯನ್ನೂ ಮೊದಲು ಬೆಸೆದು, ಆಮೇಲೆ 0.9 ಮಿಲಿಮೀಟರಿನ ಸ್ಟೀಲ್ ತಂತಿಯನ್ನು ಬೆಂಕಿಯಿಲ್ಲದೆ ಕೀಲಿಗೆ ಗುಬ್ಬಿ ಹೊಡೆದು ಕೂರಿಸುವುದು ಸರಿಯಾದ ವಿಧಾನ. ರೂಪ ಇಷ್ಟು ಚೆನ್ನಾಗಿರುವ ಒಡವೆ ಹಿಂಬದಿಯ ಒಂದು ತಂತಿಯಿಂದಾಗಿ ಪೆಟ್ಟಿಗೆಯಲ್ಲೇ ಉಳಿಯುವಂತಾಗುವುದು ನೋವಿನ ವಿಷಯ. ಬದಲಾಯಿಸಿಕೊಡಲು ಕೇಳಿ, ಒಂದು ದಿನದ ಕೆಲಸವಷ್ಟೇ.

ದುಡಿ ಗುಂಡುಗಳ ಸರಕ್ಕೆ ಹೆಚ್ಚು ಮಾತು ಬೇಡ, ಅದು ಚೆನ್ನಾಗಿದೆ. ನಡು ಸಣ್ಣ, ಎರಡೂ ತುದಿ ಅಗಲ, ಒಳಗೆ ಅರಗು, ಕಪ್ಪು ಹತ್ತಿ ದಾರ. ಎರಡು ಗುಂಡಿನ ನಡುವೆ ದಾರದ ಗಂಟು ಹಾಕಿದ್ದರಿಂದ ಬೆಳ್ಳಿ ಬೆಳ್ಳಿಗೆ ಉಜ್ಜುವುದಿಲ್ಲ. ಅರಗು 65ರಿಂದ 80 ಡಿಗ್ರಿಯ ನಡುವೆ ಮೆತ್ತಗಾಗುತ್ತದೆ. ಆದ್ದರಿಂದ ಬಿಸಿನೀರಲ್ಲಿ ತೊಳೆಯಬಾರದು, ಮೈಸೂರಿನ ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನ ಮುಂಗಾಜಿನ ಕೆಳಗೆ ಬಿಡಬಾರದು, ಅಂಗಡಿಯವರ ಅಲ್ಟ್ರಾಸೋನಿಕ್ ಯಂತ್ರಕ್ಕೂ ಕೊಡಬಾರದು. ತೂಕ ಹಾಕುವಾಗ ಅರಗಿನ ತೂಕ ಕಳೆಯಬೇಕು. ಈ ಕಮ್ಮಟದಲ್ಲಿ ಖಾಲಿ ಗುಂಡುಗಳನ್ನು ಅರಗು ತುಂಬುವ ಮೊದಲೇ ತೂಗಿ ಚೀಟಿಯಲ್ಲಿ ಬರೆಯುತ್ತಾರೆ. ಚಿನ್ನದ ಜೋಮಾಲೆ ಕೊಳ್ಳುವವರು ಯಾವ ಅಂಗಡಿಯಲ್ಲಾದರೂ ಇದನ್ನೇ ಕೇಳಬೇಕು, ಅಲ್ಲಿ ಒಂದೊಂದು ಗ್ರಾಂಗೂ ಸಾವಿರಗಟ್ಟಲೆ ವ್ಯತ್ಯಾಸವಾಗುತ್ತದೆ.

ಈಗ ಪತ್ತಾಕ್. ಕಲಾ ಒಡವೆಯಾಗಿ ಪತ್ತಾಕ್‌ನ ರೂಪ ಬದಲಾಯಿಸಿ ಕೊಡಿ ಎಂದು ಕೇಳಿದವರಿಗೆ ಈ ಕಮ್ಮಟದವರು ಮಾಡಿಕೊಡುವುದಿಲ್ಲ ಎನ್ನುತ್ತಾರೆ. ಅವರ ನಿಲುವಿಗೆ ನಮ್ಮ ಪೂರ್ಣ ಒಪ್ಪಿಗೆಯಿದೆ. ಕರ್ತಮಣಿ ಎಂಬ ಮಣಿಸರದ ಪತ್ತಾಕ್ ಮದುವೆಯ ಗುರುತು, ತಾಯಿಯ ಕೈಯಿಂದ ಮಗಳ ಕೊರಳಿಗೆ ಬರುವಂಥದ್ದು. ಕಾವೇರಿ ಸಂಕ್ರಮಣದಂದು ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಅದಕ್ಕೆ ಒಡವೆ ತೊಡಿಸಿ ಕಾವೇರಮ್ಮೆಯಾಗಿ ಪೂಜಿಸುವಾಗಲೂ ಪತ್ತಾಕ್‌ಗೆ ಜಾಗವಿದೆ. ಕೊಕ್ಕೆತಾತಿ, ಜೋಮಾಲೆ ಅಲಂಕಾರದ ಒಡವೆಗಳು, ಅವುಗಳ ರೂಪದ ಜೊತೆ ಹೊಸದಾಗಿ ಮಾತಾಡಬಹುದು. ಪತ್ತಾಕ್ ಹಾಗಲ್ಲ.

ಹಳೆಯ ಪತ್ತಾಕ್ ದುರಸ್ತಿಯನ್ನು ಮಾತ್ರ ಇವರು ಮಾಡುತ್ತಾರೆ, ಅದೂ ಎಚ್ಚರದಿಂದ. ನಡುವಿನ ನಾಣ್ಯ ನಿಜವಾದ ಸವರನ್, ಅಂದರೆ ಬ್ರಿಟಿಷ್ ಚಿನ್ನದ ನಾಣ್ಯ, ಆಗಿದ್ದರೆ ತೂಕ 7.98 ಗ್ರಾಂ, ಅಡ್ಡಳತೆ 22.05 ಮಿಲಿಮೀಟರ್, 22 ಕ್ಯಾರೆಟ್. ಅರ್ಧ ಸವರನ್ ಆದರೆ 3.99 ಗ್ರಾಂ. ನಾಣ್ಯಕ್ಕೆ ನೇರವಾಗಿ ಬೆಸುಗೆ ಹಚ್ಚಿದರೆ ಅದರ ನಾಣ್ಯಮೌಲ್ಯ ಅಲ್ಲಿಗೇ ಮುಗಿಯುತ್ತದೆ, ಉಳಿಯುವುದು ಚಿನ್ನದ ಬೆಲೆ ಮಾತ್ರ. ನಾಣ್ಯವನ್ನು ಚೌಕಟ್ಟಿನಲ್ಲಿ ಹಿಡಿಸಬೇಕು, ಬೆಸುಗೆ ಚೌಕಟ್ಟಿಗೆ ಮಾತ್ರ. ದುರಸ್ತಿಗೆ ಕೊಡುವ ಮೊದಲು ಎರಡೂ ಬದಿಯ ಫೋಟೋ ತೆಗೆದು, ಇಸವಿ ಓದಿ, ತೂಕದ ಜೊತೆ ಚೀಟಿಯಲ್ಲಿ ಬರೆಸಿಕೊಳ್ಳಿ.

ಪೇಟೆಯಲ್ಲಿ ಸಿಗುವ 'ಒಂದು ಗ್ರಾಂ' ಕೊಕ್ಕೆತಾತಿಗಳ ಜೊತೆ ಹೋಲಿಸಬೇಕೇ? ಅವು ಹಿತ್ತಾಳೆ ಅಥವಾ ತಾಮ್ರದ ಮೇಲೆ ತೆಳು ಚಿನ್ನದ ಲೇಪ, ಅಚ್ಚಿನಲ್ಲಿ ಒತ್ತಿದ ರೂಪ. ನಾಟಕಕ್ಕೆ, ಶಾಲೆಯ ನೃತ್ಯಕ್ಕೆ, ಫೋಟೋಗೆ ಸಾಕು. ಬೋರಲು ಹಾಕಿದರೆ ಹಿಂಬದಿ ಸಪಾಟಾಗಿರುತ್ತದೆ, ಇಲ್ಲವೇ ಮುಂದಿನ ಉಬ್ಬು ಹಾಗೇ ತಗ್ಗಾಗಿ ಕಾಣುತ್ತದೆ. ಹೆಡೆಗೆ ಕುತ್ತಿಗೆಯೇ ಇರುವುದಿಲ್ಲ. ಬೆಳ್ಳಿ ಎಂದು ಹೇಳಿ ಹಿತ್ತಾಳೆ ಕೊಟ್ಟಿದ್ದಾರೆಂಬ ಅನುಮಾನ ಬಂದರೆ, ಹರಳಿಲ್ಲದ, ಟೊಳ್ಳಿಲ್ಲದ ತುಣುಕನ್ನು ಗಾಳಿಯಲ್ಲೂ ನೀರಲ್ಲಿ ಮುಳುಗಿಸಿಯೂ ತೂಗಿ, ಗಾಳಿಯಲ್ಲಿನ ತೂಕವನ್ನು ಎರಡು ತೂಕಗಳ ವ್ಯತ್ಯಾಸದಿಂದ ಭಾಗಿಸಿ ನೋಡಬಹುದು. 92.5ರ ಬೆಳ್ಳಿಗೆ ಸಾಂದ್ರತೆ 10.3ರ ಹತ್ತಿರ ಬರುತ್ತದೆ, ಹಿತ್ತಾಳೆಗೆ ಎಂಟೂವರೆಯ ಆಸುಪಾಸು.

ಲೆಕ್ಕದ ಚೀಟಿ ಸ್ಪಷ್ಟವಾಗಿದೆ: ಬೆಳ್ಳಿಯ ನಿವ್ವಳ ತೂಕ, ಆ ದಿನದ ದರ, ಹರಳು ಮತ್ತು ಮುತ್ತು ಬೇರೆ, ಕೂಲಿ ಬೇರೆ, ಜಿಎಸ್‌ಟಿ ಬೇರೆ. ಕೊರಳ ಒಡವೆಯಲ್ಲಿ ಕೂಲಿ ಬೆಳ್ಳಿಯ ಬೆಲೆಗಿಂತ ಹೆಚ್ಚು ಬಿದ್ದಿದೆ. ಹತ್ತೊಂಬತ್ತು ದಿನದ ಕೈಕೆಲಸಕ್ಕೆ ಅದು ನ್ಯಾಯವೇ. ಅದೇ ವಿನ್ಯಾಸವನ್ನು ಚಿನ್ನದಲ್ಲಿ ಮಾಡಿಸುವವರು ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆಯಾದ ಗುರುತಿನ ಸಂಖ್ಯೆ, ನೋಡಬೇಕು; 2023ರ ಏಪ್ರಿಲ್ 1ರಿಂದ ಅದಿಲ್ಲದೆ ಹಾಲ್‌ಮಾರ್ಕಿನ ಚಿನ್ನದ ಒಡವೆ ಮಾರುವಂತಿಲ್ಲ. ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಬರುತ್ತದೆ. ಕುಂದಣದ ಒಡವೆಗೆ ಈ ನಿಯಮದಿಂದ ವಿನಾಯಿತಿ ಇದೆ. ಆದ್ದರಿಂದ ಅಲ್ಲಿ ಮುದ್ರೆಯಿಲ್ಲ ಎಂದಾಕ್ಷಣ ಮೋಸ ಎನ್ನಲಾಗದು, ಅಕ್ಕಸಾಲಿಗರ ಕೈಬರಹದ ಚೀಟಿಯೇ ಆಧಾರ.

ಇಟ್ಟುಕೊಳ್ಳುವ ಬಗೆ. ಬೆಳ್ಳಿಗೆ ಒಣ ಜಾಗ ಬೇಕು, ಮುತ್ತಿಗೆ ಅತಿಯಾದ ಒಣಗು ಆಗದು, ಬಿರುಕು ಬಿಡುತ್ತದೆ. ಮಳೆಗಾಲದ ನಾಲ್ಕು ತಿಂಗಳು ಹತ್ತಿ ಬಟ್ಟೆಯಲ್ಲಿ ಸುತ್ತಿ, ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಡಿ. ಮಳೆ ನಿಂತ ಮೇಲೆ ಪೊಟ್ಟಣ ತೆಗೆಯಿರಿ. ಬ್ಯಾಂಕ್ ಲಾಕರ್‌ನಲ್ಲಿ ವರ್ಷಗಟ್ಟಲೆ ಸಿಲಿಕಾ ಜೊತೆ ಮುತ್ತನ್ನು ಬಿಡಬೇಡಿ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಹತ್ತಿರ ಸುಳಿಯಬಾರದು, ಅವುಗಳ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಬೇಯಿಸಿದ ಮೊಟ್ಟೆಯ ಪಕ್ಕ ಬೆಳ್ಳಿ ಕಪ್ಪಾಗುವುದು ಅದೇ ಕಾರಣಕ್ಕೆ. ಅಲ್ಯುಮಿನಿಯಂ ಹಾಳೆ, ಸೋಡಾ, ಬಿಸಿನೀರಿನ ಪ್ರಯೋಗ ಬರೀ ಬೆಳ್ಳಿಗೆ ಸರಿ. ಈ ಮೂರಕ್ಕೂ ಬೇಡ: ಒಂದರಲ್ಲಿ ಮುತ್ತು ಮತ್ತು ರೇಕು, ಇನ್ನೊಂದರಲ್ಲಿ ಅರಗು, ಹೂವಿನಲ್ಲಿ ಎಸಳ ಸಂದಿಗೆ ಬೇಕೆಂದೇ ಉಳಿಸಿದ ಕಪ್ಪು.

ಹಕ್ಕಿಯ ಕಲೆಯನ್ನು ತೋರಿಸಿದಾಗ ಕಮ್ಮಟದವರು ವಾದ ಮಾಡಲಿಲ್ಲ. ಮುತ್ತುಗಳನ್ನು ಬಿಚ್ಚಿ, ರಂಧ್ರ ಕೊರೆದು ದೊಡ್ಡದು ಮಾಡಿ, ಸೋಡಾ ನೀರನ್ನು ಪಿಚಕಾರಿಯಲ್ಲಿ ಒಳಗೆ ಹಾಯಿಸಿ ತೊಳೆದು, ನಾಲ್ಕು ದಿನದಲ್ಲಿ ಕೂಲಿಯಿಲ್ಲದೆ ವಾಪಸ್ ಕೊಟ್ಟರು. ಹೆಡೆಯ ತಗಡು ಈಗ ಬದಲಾಗದು. ಹೊಸದಾಗಿ ಮಾಡಿಸುವವರು ಮುಂಗಡ ಕೊಡುವಾಗ ಚೀಟಿಯಲ್ಲಿ ಇಷ್ಟು ಬರೆಸಿ: ಹೆಡೆಗೆ 22 ಗೇಜಿನ ತಗಡು, ಗೂಡಿನ ಹಿಂಬದಿ ತೆರೆದು, ರೇಕಿಲ್ಲ, ಪಿನ್ನು ಮೇಲ್ಭಾಗದಲ್ಲಿ ಸ್ಟೀಲ್ ತಂತಿಯದು. ಸುಗ್ಗಿಯ ಹಬ್ಬ ಪುತ್ತರಿ ಮುಗಿದ ಮೇಲೆ ಡಿಸೆಂಬರ್ ಮದುವೆಗಳ ಕೆಲಸ ತುಂಬಿಕೊಳ್ಳುತ್ತದೆ, ಆದ್ದರಿಂದ ಸೆಪ್ಟೆಂಬರ್ ಒಳಗೆ ಮೇಣದ ಮಾದರಿಯನ್ನೂ ಕಾಗದದ ನಕ್ಷೆಯನ್ನೂ ಕೊರಳಿಗೆ ಹಿಡಿದು ಅಳತೆ ನೋಡಿಕೊಂಡು ಬನ್ನಿ.